ಇಳಿಯದೆ ಇಳಿದ ಮೂರು ಬಂಡೆ

ಅವರ ಕಸುಬು ಹಲ್ಲು ಮಾಡುವುದು. ಹಾಗಂತ ವೈದ್ಯರಲ್ಲ. ವೈದ್ಯರು ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಬರಿಸಿ ವಾಪಸು ಕಳಿಸುವವರು ಇವರು. ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ, ಕೈಯಲ್ಲಿ ಅದೇ ಮೇಣದ ವಾಸನೆ. ಊರಿನ ಅರ್ಧ ಮುದುಕರು ಇವರು ಮಾಡಿದ ಹಲ್ಲಿನಲ್ಲೇ ನಗುತ್ತಿದ್ದರು, ಆದರೆ ಬೀದಿಯಲ್ಲಿ ಎದುರು ಸಿಕ್ಕರೆ ಒಬ್ಬರಿಗೂ ಇವರ ಗುರುತಿಲ್ಲ.

ಕೂತು ಕೂತು ಸೊಂಟ ಹಿಡಿಯಿತು, ಹೊಟ್ಟೆ ಬಂತು, ರಕ್ತದಲ್ಲಿ ಸಕ್ಕರೆ ಏರಿತು. ನಲವತ್ತೇಳನೆಯ ವಯಸ್ಸಿನಲ್ಲಿ, ಮುಂದೆ ಬುಟ್ಟಿ ಇರುವ ಒಂದು ಸಾದಾ ಸೈಕಲ್ ತರುತ್ತೇನೆಂದು ಹೋದವರು ಬೆಟ್ಟ ಹತ್ತುವ ಸೈಕಲ್ ತಂದರು. ಮುಂದಿನ ಚಕ್ರ ಹಿಡಿದ ಫೋರ್ಕಿನಲ್ಲೂ ಏಟು ನುಂಗುವ ಸಸ್ಪೆನ್ಷನ್, ಸೀಟಿನ ಕೆಳಗೆ ಹಿಂದಿನ ಚಕ್ರಕ್ಕೂ ಒಂದು. ಅಂಗಡಿಯವನು "ಸುಮ್ಮನೆ ಒಂದ್ಸಲ ಕೂತು ನೋಡಿ ಸಾರ್" ಅಂದಿದ್ದ. ಕೂತರು. ಸೈಕಲ್ಲು ಅವರ ಭಾರವನ್ನೆಲ್ಲ ಒಳಗೆಳೆದುಕೊಂಡು ಮೆತ್ತಗೆ ತಗ್ಗಿತು, ಮತ್ತೆ ಮೆತ್ತಗೆ ಎತ್ತಿತು. ಇಷ್ಟು ಮರ್ಯಾದೆಯಿಂದ ತಮ್ಮನ್ನು ಯಾರೂ ಹೊತ್ತಿರಲಿಲ್ಲ ಅನ್ನಿಸಿತು ಅವರಿಗೆ. ಅಲ್ಲಿಗೆ ಬುಟ್ಟಿಯ ಸೈಕಲ್ಲಿನ ಕಥೆ ಮುಗಿಯಿತು.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದರು. "ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು. ಇಲ್ಲದೇ ಇರೋದು ನಿಮ್ಮ ಸೊಂಟಕ್ಕೆ ಮಾತ್ರ," ಅಂದರು.

"ಸ್ಪ್ರಿಂಗ್ ಅಲ್ಲ ಕಣೇ, ಅದರಲ್ಲಿರೋದು ಗಾಳಿ. ನಮ್ಮ ತೂಕ ನೋಡ್ಕೊಂಡು ಪಂಪಲ್ಲಿ ತುಂಬಬೇಕು."

"ಹಾಗಾದ್ರೆ ನಿಮಗೆ ಜಾಸ್ತಿನೇ ಬೇಕು ಬಿಡಿ."

ಸೈಕಲ್ಲು ಮಲಗುವ ಕೋಣೆಯಲ್ಲಿ, ಬೀರುವಿಗೂ ಕಿಟಕಿಗೂ ನಡುವೆ ನಿಂತಿತು. ಭಾನುವಾರ ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಇಳಿಸುತ್ತಿದ್ದರು. ಊರಾಚೆ ನೀರಿನ ಟ್ಯಾಂಕಿನ ಬೆಟ್ಟಕ್ಕೆ ಹೋಗುವ ನಾಲ್ಕೈದು ಜನರ ಗುಂಪು ಸಿಕ್ಕಿತು. ಅದರಲ್ಲಿ ಹಿರಿಯರೆಂದರೆ ಔಷಧಿ ಅಂಗಡಿಯವರು. ಅರವತ್ತು ದಾಟಿದ್ದರೂ ಕಾಲು ಕಬ್ಬಿಣ, ಮಾತು ಕಮ್ಮಿ. ವರ್ಷ ಕಳೆಯುವುದರಲ್ಲಿ ಇವರ ಭಾವಮೈದುನನೂ ಸೇರಿಕೊಂಡ. ಅವನು ಹೆಂಡತಿಯ ಒಬ್ಬನೇ ತಮ್ಮ, ಬಸ್ ಡ್ರೈವರ್, ಮೂವತ್ತೆಂಟರ ಆಳು. ಭಾವನನ್ನು ನೋಡಿಯೇ ಆಸೆಪಟ್ಟು ಒಂದು ಸೈಕಲ್ ಕೊಂಡಿದ್ದ. ಅವನದಕ್ಕೆ ಸಸ್ಪೆನ್ಷನ್ ಮುಂದೆ ಮಾತ್ರ, ಹಿಂದಿನ ಚಕ್ರಕ್ಕೆ ಇರಲಿಲ್ಲ.

ಬೆಟ್ಟದ ಮೇಲಿಂದ ಇಳಿಯಲು ಎರಡು ದಾರಿ. ಒಂದು ಟಾರು ರಸ್ತೆ. ಇನ್ನೊಂದು ಬೇರು, ಜಲ್ಲಿ, ಮಣ್ಣಿನ ಕಾಲುದಾರಿ. ಆ ಕಾಲುದಾರಿಯ ನಡುವೆ ಮೂರು ಬಂಡೆಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು. ಒಂದೊಂದೂ ಮೊಣಕಾಲೆತ್ತರ. ಮೂರನೆಯದರ ಬುಡದಲ್ಲಿ ದಾರಿ ತಟ್ಟನೆ ಎಡಕ್ಕೆ ತಿರುಗುತ್ತದೆ, ಬಲಕ್ಕೆ ಹಳೆಯ ಕಲ್ಲುಗಣಿಯ ಕಂದಕ. ಗುಂಪಿನಲ್ಲಿ ಎಲ್ಲರೂ ಅಲ್ಲಿ ಇಳಿದು ಸೈಕಲ್ ಹೊತ್ತು ನಡೆಯುವುದೇ ರೂಢಿ. ಅದರಲ್ಲಿ ನಾಚಿಕೆಯೇನೂ ಇರಲಿಲ್ಲ.

ಒಂದು ಭಾನುವಾರ ಔಷಧಿ ಅಂಗಡಿಯವರ ಬ್ರೇಕು ಕೈಕೊಟ್ಟು ಉಳಿದವರೆಲ್ಲ ಅವರ ಜೊತೆ ಟಾರು ರಸ್ತೆ ಹಿಡಿದರು. ಇವರೊಬ್ಬರೇ ಕಾಲುದಾರಿಗೆ ಬಂದರು. ಮೊದಲ ಬಂಡೆಯ ತುದಿಯಲ್ಲಿ ಒಂಟಿಗಾಲೂರಿ ತುಂಬ ಹೊತ್ತು ನಿಂತರು. ಇವತ್ತು ಯಾರೂ ನೋಡುತ್ತಿಲ್ಲ, ಬಿದ್ದರೂ ನಗುವವರಿಲ್ಲ ಎಂದು ಧೈರ್ಯ ಹೇಳಿಕೊಂಡರು. ಊರಿದ ಕಾಲು ನಡುಗತೊಡಗಿತು. ಕೊನೆಗೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ, ಎರಡನೆಯ ಬಂಡೆಯ ಮೇಲೆ ಅಂಡೂರಿ ಜಾರಿಕೊಂಡು ಕೆಳಗೆ ಬಂದರು.

ಬೆಟ್ಟದ ಬುಡದ ಚಹಾ ಅಂಗಡಿ ಮುಟ್ಟುವಾಗ ಬಟ್ಟೆಯೆಲ್ಲ ಧೂಳು, ಮೊಣಕೈ ತರಚಿತ್ತು. ಭಾವಮೈದುನ ಲೋಟ ಹಿಡಿದವನು ಕಣ್ಣರಳಿಸಿ ಎದ್ದು ನಿಂತ.

"ಭಾವ! ಮೂರು ಬಂಡೆ ಇಳಿದು ಬಂದ್ರಾ?"

"ಹೂಂ," ಅಂದರು.

ಅಷ್ಟೇ. ಇಳಿದದ್ದಂತೂ ನಿಜ, ಹೇಗೆ ಎಂದು ಅವನು ಕೇಳಲಿಲ್ಲವಲ್ಲ ಎಂದು ಒಳಗೇ ಒಂದು ವಕೀಲಿಕೆ ನಡೆಯಿತು. ಆದರೆ ಮರುಕ್ಷಣ ಅವನು "ಹೇಗೆ ಭಾವ?" ಎಂದೇ ಬಿಟ್ಟ. ಎಲ್ಲರೂ ಇವರ ಕಡೆ ತಿರುಗಿದರು. ಜೀವಮಾನದಲ್ಲಿ ಇವರ ಮಾತಿಗೆ ನಾಲ್ಕು ಜನ ಕಾದು ಕೂತದ್ದು ಅದೇ ಮೊದಲು.

"ಸೀಟು ಎರಡು ಬೆರಳು ಇಳಿಸ್ಕೋಬೇಕು. ಮೈಯೆಲ್ಲ ಹಿಂದಕ್ಕೆ ಹಾಕಬೇಕು. ಮುಂದಿನ ಬ್ರೇಕ್ ಮುಟ್ಟಲೇಬಾರದು. ಮಿಕ್ಕಿದ್ದನ್ನ ಸಸ್ಪೆನ್ಷನ್ ನೋಡ್ಕೊಳ್ಳತ್ತೆ," ಅಂದರು. ಎಲ್ಲೋ ಓದಿದ್ದು, ಯಾವುದೋ ವಿಡಿಯೊದಲ್ಲಿ ಕಂಡದ್ದು, ಬಾಯಿಂದ ಎಣ್ಣೆ ಸುರಿದ ಹಾಗೆ ಇಳಿಯಿತು.

ಅವತ್ತಿನಿಂದ ಗುಂಪಿನಲ್ಲಿ ಅವರಿಗೆ 'ಸ್ಪ್ರಿಂಗ್ ಮೇಷ್ಟ್ರು' ಎಂದು ಹೆಸರು ಬಿತ್ತು. ಮೇಷ್ಟ್ರಿಗೆ ಅದು ಹಿಡಿಸಿತು. ಹೊಸಬರು ಬಂದರೆ ಭಾವಮೈದುನನೇ ಮುಂದಾಗಿ "ನಮ್ಮ ಭಾವ, ಮೂರು ಬಂಡೆ ಇಳಿದವರು" ಎಂದು ಪರಿಚಯ ಮಾಡಿಸುತ್ತಿದ್ದ. ಯಾರಾದರೂ ಇಳಿದು ತೋರಿಸಿ ಎಂದರೆ ಒಂದು ವಾರ ಮಂಡಿನೋವು, ಇನ್ನೊಂದು ವಾರ ಟೈರಿನಲ್ಲಿ ಗಾಳಿ ಕಮ್ಮಿ, ಮತ್ತೊಂದು ವಾರ ಕಲ್ಲು ಒದ್ದೆ. ಮೇಷ್ಟ್ರು ಹಾಗೆ ನಾಲ್ಕು ತಿಂಗಳು ತಳ್ಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಬಂಡೆಯ ಮಾತು ಬಂದಾಗಲೆಲ್ಲ ಅವರ ಕೈ ತರಚಿದ್ದ ಮೊಣಕೈಗೆ ಹೋಗುತ್ತಿತ್ತು.

ಆಮೇಲೊಂದು ಭಾನುವಾರ ಹಲ್ಲು ಮಾಡುವ ಲ್ಯಾಬಿನಲ್ಲಿ ಅವಸರದ ಕೆಲಸವಿತ್ತು. ಮೇಷ್ಟ್ರು ಬೆಟ್ಟಕ್ಕೆ ಹೋಗಲಿಲ್ಲ. ಒಂಬತ್ತೂವರೆಗೆ ಔಷಧಿ ಅಂಗಡಿಯವರ ಫೋನು ಬಂತು.

"ನಿಮ್ಮ ಮೈದುನ ಬಿದ್ದಿದ್ದಾರೆ. ಮೂರು ಬಂಡೆ ಹತ್ರ. ಗಾಬರಿಯಾಗ್ಬೇಡಿ, ಪ್ರಾಣಕ್ಕೇನಿಲ್ಲ. ಆಸ್ಪತ್ರೆಗೆ ಬನ್ನಿ."

ಹಿಡಿದಿದ್ದ ಮೇಣದ ಚಾಕು ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಳ್ಳಲು ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಕೊರಳಿಗೆ ಕಟ್ಟಿ ಹಾಕಿದ್ದರು. ಹೆಗಲಿನ ಮುಂಭಾಗದ ಮೂಳೆ ಮುರಿದಿತ್ತು. ತುಟಿ ಬದನೆಕಾಯಿಯ ಹಾಗೆ ಊದಿತ್ತು. ಮೇಲಿನ ಸಾಲಿನ ಮೂರು ಮುಂಹಲ್ಲು ಬುಡಸಮೇತ ಹೋಗಿದ್ದವು. ಅಕ್ಕ ತಲೆದೆಸೆಯಲ್ಲಿ ನಿಂತು ಅಳುತ್ತಲೇ ಬೈಯುತ್ತಿದ್ದರು.

"ನಿನಗೆ ಯಾಕೋ ಬೇಕಿತ್ತು ಈ ಹುಚ್ಚು? ಅವರ ಸೈಕಲ್ಲೇ ಬೇರೆ, ನಿನ್ನದೇ ಬೇರೆ."

ಅವನು ಊದಿದ ತುಟಿಯಲ್ಲೇ ಕಷ್ಟಪಟ್ಟು ಮಾತಾಡಿದ. "ಭಾವನ್ನ ಏನೂ ಅನ್ಬೇಡ ಅಕ್ಕ. ಅವರು ಸರಿಯಾಗೇ ಹೇಳ್ಕೊಟ್ಟಿದ್ರು. ಎರಡನೇ ಬಂಡೇಲಿ ಹೆದರಿ ಮುಂದಿನ ಬ್ರೇಕ್ ಹಿಡಿದ್ಬಿಟ್ಟೆ. ತಪ್ಪು ನಂದೇ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಮೇಷ್ಟ್ರಿಗೆ. ನಿಜ ಹೇಳಿಬಿಡಲು ಅದೇ ಹೊತ್ತು. ನರ್ಸ್ ಬಂದು "ಒಬ್ಬರು ಮಾತ್ರ ಇರಿ" ಅಂದಳು. ಮೇಷ್ಟ್ರು ಎಲ್ಲರಿಗಿಂತ ಮೊದಲು ಹೊರಗೆ ನಡೆದರು.

ಗಾಯ ಮಾಗಿದ ಮೇಲೆ ವೈದ್ಯರು ಅವನ ಬಾಯಿಯ ಅಚ್ಚು ತೆಗೆದು, ಬೇರೆಲ್ಲಿಗೆ ಕಳಿಸಿಯಾರು, ಇವರ ಲ್ಯಾಬಿಗೇ ಕಳಿಸಿದರು. ಮೇಷ್ಟ್ರು ಪ್ಲಾಸ್ಟರ್ ಸುರಿದರು. ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿದರೆ ಭಾವಮೈದುನನ ಬಾಯಿ ಅಂಗೈಯಲ್ಲಿತ್ತು. ಮುಂದೆ ಮೂರು ಹಲ್ಲಿನಗಲ ಬಯಲು. ಸಾವಿರಾರು ಬೊಚ್ಚುಬಾಯಿ ನೋಡಿದ ಕಣ್ಣುಗಳು, ಆದರೂ ಆ ಬಯಲನ್ನು ನೆಟ್ಟಗೆ ನೋಡಲಾಗಲಿಲ್ಲ. ಬೆನ್ನು ಮಾಡಿ ಇಟ್ಟು ಬೇರೆ ಕೆಲಸ ಹಿಡಿದರು. ಎರಡು ದಿನ ಹಾಗೆಯೇ ಇಟ್ಟರು.

ಮೂರನೆಯ ದಿನ ಹೆಂಡತಿಯ ಹತ್ತಿರ ಅವನ ಹಳೆಯ ಫೋಟೊ ಕೇಳಿ ಪಡೆದರು. ಅವನ ಎಡಗಡೆಯ ಮುಂಹಲ್ಲು ಪಕ್ಕದ ಹಲ್ಲಿನ ಮೇಲೆ ಕೂದಲೆಳೆಯಷ್ಟು ಹತ್ತಿಕೊಂಡಿತ್ತು. ವೈದ್ಯರ ಚೀಟಿಯಲ್ಲಿ 'ನೇರವಾಗಿ ಕೂರಿಸಿ' ಎಂದಿತ್ತು. ಮೇಷ್ಟ್ರು ಅವರಿಗೆ ಫೋನು ಮಾಡಿ, ಇದೊಂದನ್ನು ಇದ್ದ ಹಾಗೆಯೇ ಕೂರಿಸುತ್ತೇನೆಂದು ಒಪ್ಪಿಸಿದರು. ಆ ಒಂದು ಹಲ್ಲನ್ನು ಹನ್ನೊಂದು ಸಲ ತೆಗೆದು ಕೂರಿಸಿದರು. ಪ್ರಾಯಶ್ಚಿತ್ತ ಎಂದುಕೊಂಡರೋ ಏನೋ. ಹಾಗಿದ್ದರೆ ಅದು ಬಲು ಅಗ್ಗದ ಪ್ರಾಯಶ್ಚಿತ್ತ, ಅದೂ ಅವರಿಗೆ ಗೊತ್ತಿತ್ತು.

ಹಲ್ಲಿನ ಪ್ಲೇಟು ಹಾಕಿಸಿಕೊಂಡ ದಿನ ಸಂಜೆಯೇ ಅವನು ಮನೆಗೆ ಬಂದ. ಬಂದವನು ಹಜಾರದ ಕನ್ನಡಿಯ ಮುಂದೆ ನಿಂತು ನಕ್ಕ. ತಿರುಗಿ ಇವರ ಕಡೆ ನೋಡಿ ಮತ್ತೆ ನಕ್ಕ.

"ನನ್ನ ಹಲ್ಲೇ ಭಾವ ಇದು! ಮಗಳು ನೋಡಿ, ಅಪ್ಪ ಹಳೇ ಹಲ್ಲು ಹುಡುಕ್ಕೊಂಡು ಬಂದ್ರು ಅಂತಾಳೆ. ಈ ಋಣ ಹೇಗೆ ತೀರಿಸ್ಲಿ ಹೇಳಿ," ಎಂದು ನೆಟ್ಟಗಿದ್ದ ಕೈಯಿಂದ ಇವರ ಕೈ ಹಿಡಿದುಕೊಂಡ.

ಬಾಯಲ್ಲಿ ಬಿಸಿತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. "ಒಸಡಿಗೆ ಒತ್ತಿದ್ರೆ ಹೇಳು," ಅಂದರು ಮೇಷ್ಟ್ರು.

ಅವನು ಹೋದ ಮೇಲೆ ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಕಾಲು ನಡುಗಿದ್ದು, ಅಂಡೂರಿ ಜಾರಿದ್ದು, 'ಹೂಂ' ಅಂದದ್ದು.

ಆಕೆಯ ಚಾಕು ನಿಂತಿತು. ಕೂಗಾಡುತ್ತಾರೆಂದು ಇವರು ಕಾದರು. ಆಕೆ ಕೂಗಾಡಲಿಲ್ಲ.

"ಆಸ್ಪತ್ರೇಲಿ ಅವನು ತಪ್ಪು ನಂದು ಅಂದಾಗ, ಅಲ್ಲೇ ನಿಂತಿದ್ರಲ್ಲ ನೀವು?"

"ಹೌದು."

"ನನ್ನ ಹತ್ರ ಯಾಕೆ ಹೇಳ್ತೀರಿ? ಹಲ್ಲು ಹೋಗಿದ್ದು ನಂದಲ್ಲ." ಮತ್ತೆ ಹೆಚ್ಚತೊಡಗಿದರು. ತಲೆಯೆತ್ತದೆಯೇ, "ನೀವು ಬಿದ್ದಿದ್ರೂ ನಾನು ನಗ್ತಿರ್ಲಿಲ್ಲ. ಹೆದರಿಕೆ ಆಯ್ತು ಅಂದಿದ್ರಂತೂ ಸಂತೋಷವೇ ಪಡ್ತಿದ್ದೆ," ಅಂದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಸೈಕಲ್ ತುಳಿದುಕೊಂಡೇ ಭಾವಮೈದುನನ ಮನೆಗೆ ಹೋದರು. ಕೈ ಇನ್ನೂ ಗುಣವಾಗದ್ದರಿಂದ ಅವನಿಗೆ ರಜೆಯೇ ಇತ್ತು, ಜಗಲಿಯ ಮೇಲೆ ಎಡಗೈಯಲ್ಲಿ ಪೇಪರ್ ಓದುತ್ತ ಕೂತಿದ್ದ. ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು. ಮನೆಯಲ್ಲಿ ಕೂಡಿಸಿಕೊಂಡಿದ್ದ ಪೀಠಿಕೆಯೆಲ್ಲ ಮರೆತು, "ನಾನು ಮೂರು ಬಂಡೆ ಸೈಕಲಲ್ಲಿ ಇಳಿದೇ ಇಲ್ಲ. ಹೊತ್ಕೊಂಡು ಬಂದೆ. ಸುಳ್ಳು ಹೇಳಿದೆ," ಎಂದರು.

ಅವನು ತಮಾಷೆ ಎಂದುಕೊಂಡು ಅರ್ಧ ನಕ್ಕ. ಆ ನಗು ಅವನ ಮುಖದಲ್ಲೇ ಉಳಿದು ಕೆಟ್ಟುಹೋದದ್ದನ್ನು ಮೇಷ್ಟ್ರು ಕಣ್ಣಾರೆ ಕಂಡರು.

"ಮೇಲೆ ನಿಂತಾಗ ನನಗೂ ಕಾಲು ನಡುಗ್ತು ಭಾವ," ಅಂದ ಮೆಲ್ಲಗೆ. "ವಾಪಸ್ ಬರೋಣ ಅಂತಲೇ ಇದ್ದೆ. ಔಷಧಿ ಅಂಗಡಿಯವರೂ ಬೇಡ ಅಂದ್ರು. ನಮ್ಮ ಭಾವನ ವಯಸ್ಸಿನವರೇ ಇಳಿದಿದ್ದಾರೆ, ನನಗೇನು ರೋಗ ಅಂತ ಬಿಟ್ಟೆ."

ಮೇಷ್ಟ್ರು ಸೈಕಲ್ಲನ್ನು ಜಗಲಿಗೆ ಒರಗಿಸಿ, "ಇದನ್ನ ನೀನು ಇಟ್ಕೋ. ನನಗೆ ಬೇಡ," ಅಂದರು.

"ನಿಮ್ಮ ಪಾಪಾನ ನನ್ನ ಮನೇಲಿ ಯಾಕೆ ನಿಲ್ಲಿಸ್ಕೊಳ್ಲಿ? ತಗೊಂಡು ಹೋಗಿ," ಎಂದು ಎದ್ದು ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು, ತೆರೆದ ಬಾಗಿಲಿನ ಮುಂದೆ ಎಷ್ಟು ಹೊತ್ತು ನಿಂತಿರಬೇಕೆಂದು ತಿಳಿಯದೆ ಮೇಷ್ಟ್ರು ನಿಂತೇ ಇದ್ದರು. ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಮನೆತನಕ ನಡೆದರು. ಹತ್ತುವ ಮನಸ್ಸಾಗಲಿಲ್ಲ.

ಆ ಭಾನುವಾರ ಗುಂಪಿನ ಎದುರಿಗೂ ಹೇಳಿದರು. ಒಬ್ಬ ನಕ್ಕ, ಇನ್ನೊಬ್ಬ "ಹೋಗ್ಲಿ ಬಿಡಿ ಮೇಷ್ಟ್ರೇ, ಯಾರು ತಾನೇ ಸುಳ್ಳು ಹೇಳಲ್ಲ" ಅಂದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಔಷಧಿ ಅಂಗಡಿಯವರು ಮಾತ್ರ ಎಲ್ಲರೂ ಹೊರಟ ಮೇಲೆ ಹತ್ತಿರ ಬಂದು ನಿಂತರು.

"ನನಗೆ ಗೊತ್ತಿತ್ತು. ನೀವು ಇಳಿದೆ ಅಂದ ಮಾರನೇ ದಿನ ನಾನು ಆ ದಾರೀಲಿ ಹತ್ತಿ ಹೋಗಿದ್ದೆ. ಬಂಡೆ ಪಕ್ಕದ ಮಣ್ಣಲ್ಲಿ ನಿಮ್ಮ ಬೂಟಿನ ಗುರುತಿತ್ತು, ಟೈರಿನ ಗುರುತಿರಲಿಲ್ಲ. ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ಯಾಕೆ ತೆಗೆಯೋದು ಅಂತ ಸುಮ್ಮನಿದ್ದೆ. ನಿಮ್ಮ ಮೈದುನ ಬಿದ್ದ ದಿನ ಮೇಲೆ ನಿಂತು ಬೇಡ ಅಂದೆನೇ ಹೊರತು, ಯಾಕೆ ಬೇಡ ಅಂತ ಅವರಿಗೆ ಹೇಳಲಿಲ್ಲ." ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಬಿಗಿ ಮಾಡುತ್ತ, ಸಡಿಲಿಸುತ್ತ ನಿಂತಿದ್ದರು. "ಅವರ ಮುಖ ನೋಡೋಕೆ ನನಗೂ ಆಗ್ತಾ ಇಲ್ಲ."

ಭಾವಮೈದುನ ಮೂರು ತಿಂಗಳ ಮೇಲೆ ಮತ್ತೆ ಬಸ್ಸಿಗೆ ಹತ್ತಿದ. ತನ್ನ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟ. ಅಕ್ಕನ ಮನೆಗೆ ಬರುವುದು ನಿಲ್ಲಿಸಲಿಲ್ಲ, ಆದರೆ ಇವರು ಲ್ಯಾಬಿನಲ್ಲಿರುವ ಹೊತ್ತು ನೋಡಿ ಬರುತ್ತಿದ್ದ. ಮೇಷ್ಟ್ರು ಬೆಟ್ಟ ಬಿಡಲಿಲ್ಲ, ಸಕ್ಕರೆ ಕಾಯಿಲೆ ಬಿಡಬೇಕಲ್ಲ. ಇಳಿಯುವಾಗ ಟಾರು ರಸ್ತೆಯನ್ನೇ ಹಿಡಿಯುತ್ತಿದ್ದರು. ಸಸ್ಪೆನ್ಷನ್ನಿಗೆ ಬೀಗ ಹಾಕುವ ಗುಂಡಿಯೊಂದು ಹ್ಯಾಂಡಲ್ಲಿನ ಮೇಲಿತ್ತು. ಅದನ್ನು ಒತ್ತಿಟ್ಟುಕೊಂಡರೆ ರಸ್ತೆಯ ಒಂದೊಂದು ಹಳ್ಳವೂ ನೇರ ಬೆನ್ನಿಗೆ ಬಡಿಯುತ್ತದೆ. ಒತ್ತಿಟ್ಟುಕೊಂಡೇ ಇಳಿಯುತ್ತಿದ್ದರು.

ಮೊನ್ನೆ ಮಧ್ಯಾಹ್ನ, ಡಿಪೋದ ಖಾಕಿ ಅಂಗಿಯಲ್ಲೇ ಅವನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ.

"ವೈದ್ಯರು ಊರಲ್ಲಿಲ್ಲವಂತೆ. ಒಸಡಿಗೆ ಒತ್ತುತ್ತಾ ಇದೆ," ಅಂದ. ಭಾವ ಎನ್ನಲಿಲ್ಲ.

ಮೇಷ್ಟ್ರು ಸ್ಟೂಲು ಸರಿಸಿ ಕೂರಿಸಿದರು. ಪ್ಲೇಟು ತೆಗೆಸಿ, ಬೆಳಕಿಗೆ ಹಿಡಿದು, ಒತ್ತುತ್ತಿದ್ದ ಅಂಚನ್ನು ಹುಡುಕಿ, ಎಳೆ ಎಳೆಯಾಗಿ ಉಜ್ಜಿದರು. ಅಷ್ಟು ಹೊತ್ತೂ ಅವನು ಬೊಚ್ಚುಬಾಯಿಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಮೂರು ಸಲ ಹಾಕಿ ತೆಗೆದ ಮೇಲೆ "ಈಗ ಸರಿಯಾಯ್ತು" ಅಂದ. ಎದ್ದವನು ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, "ನಮ್ಮ ಡಿಪೋದಲ್ಲಿ ಒಬ್ಬರು ಹಿರಿಯ ಕಂಡಕ್ಟರ್ ಇದ್ದಾರೆ, ಕೆಳಗಿನ ಸೆಟ್ಟು ಅಲ್ಲಾಡತ್ತಂತೆ. ಕಳಿಸ್ಲಾ?" ಎಂದು ಕೇಳಿದ.

"ಕಳಿಸು."

ಸಂಜೆ ಹೆಂಡತಿ ಕೇಳಿದರು. "ತಮ್ಮ ಬಂದಿದ್ನಂತೆ. ಏನಂದ?"

"ಒಸಡು ಒತ್ತುತ್ತಿತ್ತು. ಸರಿ ಮಾಡಿಕೊಟ್ಟೆ."

"ಮತ್ತೇನೂ ಅನ್ನಲಿಲ್ವಾ?"

"ಒಬ್ಬ ಕಂಡಕ್ಟರನ್ನ ಕಳಿಸ್ತಾನಂತೆ," ಅಂದರು ಮೇಷ್ಟ್ರು, ಉಗುರಿನ ಸಂದಿಯ ಮೇಣ ಕೀಳುತ್ತ.