ಮನೆಗೆ ಮನೆ

ಗಂಜಿ ಹಾಕಿದ ಒದ್ದೆ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಎಂಟು ವರ್ಷದವಳಾಗಿ ಬಾಬು ಸಾಬ್ರ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿದ್ದ ನಮ್ಮ ಸಣ್ಣ ಊರಿಗೆ ಅವರೊಬ್ಬರೇ ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ. ಅವರ ಹೆಂಡತಿ ಬೀಬಮ್ಮ ಕಾಜಾ ಹೊಲಿಯುತ್ತ ನಮ್ಮ ಅಮ್ಮನ ಜೊತೆ ಹರಟುತ್ತಿದ್ದರು. ಅವರ ಮಗಳು ಶಮೀಮಳೂ ನಾನೂ ಶಾಲೆಯಲ್ಲಿ ಒಂದೇ ಬೆಂಚು. ಯೂನಿಫಾರಂ ಲಂಗ ಹೊಲಿಯುವಾಗ ಸಾಬ್ರು ಅಂಚಿನಲ್ಲಿ ಮೂರು ಬೆರಳು ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಿದ್ದರು. ಪ್ರತಿ ಜೂನ್‌ನಲ್ಲಿ ನಮ್ಮನ್ನು ಕರೆದು, ಹೊಲಿಗೆ ಬಿಚ್ಚಿ, ಒಂದು ಬೆರಳು ಇಳಿಸಿ ಕೊಡುತ್ತಿದ್ದರು. ನಮ್ಮ ಮುಂದಿನ ಮೂರು ವರ್ಷದ ಬೆಳವಣಿಗೆ ಅವರ ಅಂದಾಜಿನಲ್ಲಿ ಇರುತ್ತಿತ್ತು. ಊರು ಬಿಡುವ ಯೋಚನೆಯಿದ್ದ ಮನುಷ್ಯ ಹಾಗೆ ಹೊಲಿಯುವುದಿಲ್ಲ.

ಆ ವರ್ಷ ಎಲ್ಲೋ ದೂರದ ಪೇಟೆಯ ಮೆರವಣಿಗೆಯಲ್ಲಿ ಕಲ್ಲು ಬಿತ್ತು. ಬಸ್ಸು ಹತ್ತಿ ಬರುವಷ್ಟರಲ್ಲಿ ಆ ಸುದ್ದಿ ನಾಲ್ಕು ಪಟ್ಟು ಊದಿಕೊಂಡಿತ್ತು. ಸಾಬ್ರ ಅಂಗಡಿಯ ಗಾಜು ಒಡೆಯಿತು. ಅತ್ತ ಸಾಗರದ ಕಡೆಯ ಒಂದು ಕೇರಿಯಲ್ಲಿ, ಮುಸ್ಲಿಮರ ಮನೆಗಳ ನಡುವೆ ಒಂದೇ ಒಂದು ಹಿಂದೂ ಮನೆಯಿತ್ತು, ಹೂವು ಮಾರುವ ಶಾರದಕ್ಕನದು. ಅದರ ಬಾಗಿಲಿಗೂ ಕಲ್ಲು ಬಿತ್ತು. ಎರಡೂ ಕಡೆಯ ಹಿರಿಯರು ನಮ್ಮ ಮನೆಯ ಜಗಲಿಯಲ್ಲಿ ಸೇರಿದರು. ಅಪ್ಪಯ್ಯನದೇ ಮುಂದಾಳತ್ವ. ಕಾಫಿ ಕುಡಿದು, ಎಲೆಯಡಿಕೆಯ ಕವಳ ಹಾಕಿ, ಮಧ್ಯಾಹ್ನದೊಳಗೆ ತೀರ್ಮಾನಿಸಿಬಿಟ್ಟರು: ಇವರು ಅಲ್ಲಿಗೆ, ಅವರು ಇಲ್ಲಿಗೆ, ಮನೆಗೆ ಮನೆ, ಯಾರಿಗೂ ನಷ್ಟವಿಲ್ಲ. ಎರಡು ಸಂಸಾರಗಳನ್ನು ಅದಲುಬದಲು ಮಾಡಿ, ತಮ್ಮ ಬೆನ್ನು ತಾವೇ ತಟ್ಟಿಕೊಂಡು ಎದ್ದರು. ಗಾಜು ಒಡೆದವರು ನಮ್ಮ ಬೀದಿಯ ಹುಡುಗರೇ ಎಂದು ಎಲ್ಲರಿಗೂ ಗೊತ್ತಿತ್ತು. ಅವರನ್ನು ಊರು ಬಿಡಿಸುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಒಪ್ಪಿಕೊಂಡ ಬಟ್ಟೆಗಳನ್ನು ಮುಗಿಸಿ ಹೋಗುತ್ತೇನೆಂದು ಸಾಬ್ರು ಎರಡು ದಿನ ಕೇಳಿ ಪಡೆದರು. ಅದರಲ್ಲಿ ಗಾಜು ಒಡೆದ ಹುಡುಗನೊಬ್ಬನ ಅಂಗಿಯೂ ಇತ್ತು. ಅದಕ್ಕೂ ಗುಂಡಿ ಹಾಕಿಯೇ ಕೊಟ್ಟರು. ಲಾರಿ ಹತ್ತುವಾಗ ಬೀಬಮ್ಮ ಅಮ್ಮನ ಕೈ ಹಿಡಿದು, "ನಾವ್ ಎಂತ ತಪ್ಪು ಮಾಡಿದ್ವಿ ಅಂತ ಒಬ್ರಾದ್ರೂ ಹೇಳಿ ಅಕ್ಕಾ" ಎಂದರು. ಅಮ್ಮ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟಳು. ಮಾರನೇ ದಿನ ಅದೇ ಲಾರಿ ಶಾರದಕ್ಕನ ಸಾಮಾನು ಹೊತ್ತು ಬಂತು. ತನ್ನವರ ನಡುವೆ ಬಂದು ಬಿದ್ದ ಹೆಂಗಸು ಖುಷಿಪಡುತ್ತಾಳೆಂದು ಊರು ಕಾದಿತ್ತು. ಅವಳು ಮೂರು ದಿನ ಒಲೆ ಹಚ್ಚಲಿಲ್ಲ. ಸಮಾಧಾನ ಹೇಳಲು ಹೋದವರಿಗೆ, "ನಮ್ಮೋರು ನಮ್ಮೋರು ಅಂತೀರಿ. ನನ್ನ ಬಾಣಂತನ ಮಾಡ್ದೋರು ಆ ಕೇರಿಯೋರು" ಎಂದು ಬಾಗಿಲು ಹಾಕಿಕೊಂಡಳು. ಆ ಜೂನ್‌ನಲ್ಲಿ ನನ್ನ ಲಂಗದ ಅಂಚನ್ನು ಅಮ್ಮನೇ ಇಳಿಸಿದಳು, ಸೊಟ್ಟಗಾಯಿತು. ಬೆಂಚಿನಲ್ಲಿ ನನ್ನ ಪಕ್ಕ ವರ್ಷವಿಡೀ ಯಾರೂ ಕೂರಲಿಲ್ಲ.

ಈಗ ರಸ್ತೆ ಅಗಲವಾಗಿ ಆ ಅಂಗಡಿಯೂ ಇಲ್ಲ, ಮನೆಯೂ ಇಲ್ಲ. ಸಾಬ್ರು ಯಾರದೋ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ನಿಮ್ಮ ಬೀದಿಯಲ್ಲೂ ಹೀಗೆ ಒಂದು ಮನೆ ಇಲ್ಲವಾಗಿದ್ದೀತು, ನೆನಪು ಮಾಡಿಕೊಳ್ಳಿ. ಮೊನ್ನೆ ನಾನು ತೀರ್ಥಹಳ್ಳಿಗೆ ಹೋದದ್ದು ಒಂದು ಭಾಷಣ ಕೇಳಲು. ದೂರದೇಶಗಳ ಯುದ್ಧದ ಮಾತು ಬಂದು, ಹೊಡೆದಾಡಿ ಸಾಯುವುದಕ್ಕಿಂತ ಜನರನ್ನು ಬೇರ್ಪಡಿಸಿ ಅತ್ತಿತ್ತ ಸಾಗಿಸಿಬಿಡುವುದೇ ಮೇಲು, ನೋವಾದರೂ ಶಾಂತಿ ಉಳಿಯುತ್ತದೆ ಎಂದರು ಭಾಷಣಕಾರರು. ಸಭೆ ತಲೆದೂಗಿತು. ನನಗೆ ಮೈಯೆಲ್ಲ ಉರಿದುಹೋಯಿತು. ಜೀವ ಉಳಿಯಿತಲ್ಲ ಎಂದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಹಾಗೆ ಹೇಳುವವರು ಯಾವತ್ತೂ ಲಾರಿ ಹತ್ತಿದವರಲ್ಲ, ಹತ್ತಿಸಿದವರು.

ಅದೇ ಸಿಟ್ಟಿನಲ್ಲಿ ಮನೆಗೆ ಬಂದು, ನನ್ನ ಜೊತೆಯಲ್ಲೇ ಇರುವ ಅಪ್ಪಯ್ಯನನ್ನು ಕೇಳಿದೆ. ಅವತ್ತು ಜಗಲಿಯಲ್ಲಿ ಬಾಬು ಸಾಬ್ರನ್ನೋ ಶಾರದಕ್ಕನನ್ನೋ ಕೂರಿಸಿ, ಹೋಗ್ತೀರಾ ಅಂತ ಒಂದು ಮಾತು ಕೇಳಿದ್ರಾ ಎಂದೆ. ಅಪ್ಪಯ್ಯ ಪೇಪರಿನಿಂದ ತಲೆಯೆತ್ತಿದರು. "ಕೇಳಿದ್ರೆ ಅವ್ರು ಹೋಗ್ತಿರ್ಲಿಲ್ಲ ಕಣೆ" ಎಂದರು. ತಿಳಿಯದೆ ಮಾಡಿದರೆಂದು ಇಷ್ಟು ವರ್ಷ ನಾನು ಅವರನ್ನು ಕ್ಷಮಿಸುತ್ತ ಬಂದಿದ್ದೆ.