ಕಾವಲು ಗುಡಿಸಿದ್ದು

ನಾನು ಒಂದು ಸಲ ಕಾಡು ಗುಡಿಸಿದ್ದೇನೆ. ನೀವು ನಗುತ್ತೀರಿ ಎಂದು ಗೊತ್ತು. ಮನೆ ಗುಡಿಸುವವರು, ಅಂಗಳ ಗುಡಿಸುವವರು, ದೇವಸ್ಥಾನದ ಪ್ರಾಕಾರ ಗುಡಿಸಿ ಪುಣ್ಯ ಕಟ್ಟಿಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಕಾಡು ಗುಡಿಸಿದವಳು ಬೆಂಗಳೂರಿನ ಈ ಪಶ್ಚಿಮ ದಿಕ್ಕಿನಲ್ಲಿ ನಾನೊಬ್ಬಳೇ ಇರಬೇಕು. ಪಕ್ಕದ ಮನೆಯ ಗೌರಮ್ಮನವರನ್ನು ಸೇರಿಸಿಕೊಂಡರೆ ಇಬ್ಬರು.

ಐವತ್ತರ ದಶಕದ ಮಾತು. ನಾವು ರಾಜಾಜಿನಗರಕ್ಕೆ ಬಂದ ಹೊಸತು. ಆಗಿನ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಮೂಲೆಗಲ್ಲುಗಳೇ ಹೆಚ್ಚು. ನಮ್ಮ ರಸ್ತೆಗೆ ನಂಬರು ಬಂದಿತ್ತು, ರಸ್ತೆ ಬಂದಿರಲಿಲ್ಲ. ಬೆಳಿಗ್ಗೆ ಸಾರಿಸಿ ರಂಗೋಲಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೆಂಪು ದೂಳು ಕೂತು, ಯಾವ ಹೂವು ಬರೆದೆನೆಂದು ನನಗೇ ಮರೆತುಹೋಗುವಂತಿತ್ತು. ಹಾಗಾಗಿ ದಿನಕ್ಕೆ ನಾಲ್ಕು ಸಲ ಗುಡಿಸುವುದು ನನಗೆ ರೂಢಿಯಾಯಿತು. ಬರಬರುತ್ತಾ ಅದು ರೂಢಿಯನ್ನೂ ದಾಟಿ ಸ್ವಭಾವವೇ ಆಗಿ ಕೂತಿತು.

ಭಾನುವಾರ ಬಂತೆಂದರೆ ಮಾಗಡಿ ರಸ್ತೆಯ ಬಸ್ಸು ಹತ್ತಿ ಶ್ರೀಗಂಧದ ಕಾವಲಿಗೆ ಹೋಗುತ್ತಿದ್ದೆವು. ಕಾವಲು ಎಂದರೆ ದಟ್ಟವಾದ ಕಾಡೇನೂ ಅಲ್ಲ. ಹಿಂದಿನ ಕಾಲದಲ್ಲಿ ದನಗಳಿಗೆಂದು ಹುಲ್ಲು ಬೆಳೆಯಲು ಬಿಟ್ಟ ಬಯಲಿಗೆ ಹಾಗೆ ಹೇಳುತ್ತಿದ್ದರು. ಇಲ್ಲಿ ಹುಲ್ಲಿನ ಜೊತೆಗೆ ಗಂಧದ ಮರಗಳೂ ಇದ್ದವು. ಬಸ್ಸಿಳಿದು ಅರ್ಧ ಗಂಟೆ ನಡೆದರೆ ಮೊದಲು ಸಿಗುತ್ತಿದ್ದುದು ಆನೆ ಮಲಗಿದ ಹಾಗಿದ್ದ ಒಂದು ಬಂಡೆ. ಎಷ್ಟೋ ತಲೆಮಾರಿನ ದನ ಕಾಯುವವರು ಜಾರಿ ಜಾರಿ ಅದರ ಒಂದು ಪಕ್ಕ ಕನ್ನಡಿಯಂತಾಗಿತ್ತು. ಅದರಾಚೆ ನೈದಿಲೆಯ ಕುಂಟೆ. ಕುಂಟೆಯ ಮೇಲೆ ಬಾಗಿದ ಜಾಲಿಯ ಮರದಲ್ಲಿ ತೂಗಾಡುವ ಗೀಜಗನ ಗೂಡುಗಳು. ಕುಂಟೆಯಿಂದ ಸ್ವಲ್ಪ ಮೇಲಕ್ಕೆ ಒಂದು ನೆಲ್ಲಿಮರ. ಲಾಲ್‌ಬಾಗಿನಲ್ಲಿರುವ ಹಾಗೆ ಗಾಜಿನ ಮನೆಯಿಲ್ಲ, ಹೆಸರಿನ ಫಲಕವಿಲ್ಲ. ಫಲಕದ ಕೆಲಸವನ್ನೆಲ್ಲ ಗಾರ್ಡ್ ಗಂಗಪ್ಪನೇ ಮಾಡುತ್ತಿದ್ದ.

ಗಂಗಪ್ಪ ಲಗ್ಗೆರೆಯವನು. ಇಪ್ಪತ್ತು ವರ್ಷದಿಂದ ಆ ಗಂಧದ ಮರಗಳನ್ನು ಕಾಯುತ್ತಿದ್ದ. ಒಂದೊಂದು ಮರಕ್ಕೂ ಸುಣ್ಣದಲ್ಲಿ ನಂಬರು ಬರೆದಿತ್ತು. ಅವನು ಮಾತ್ರ ಅವುಗಳನ್ನು ಕರೆಯುತ್ತಿದ್ದುದು ದೊಡ್ಡವನು, ಗೂನ, ಜೋಡಿ ಅಕ್ಕತಂಗಿ ಎಂದೇ. ನೆಲ್ಲಿಮರದ ಪಕ್ಕದಲ್ಲಿದ್ದ ಆಳೆತ್ತರದ ಎಳೆಯ ಗಂಧವನ್ನು ‘ನಮ್ಮ ಮಗು’ ಎನ್ನುತ್ತಿದ್ದ. ನೋಡಲು ಬಂದವರನ್ನೆಲ್ಲ ಮೊದಲು ಅಲ್ಲಿಗೇ ಕರೆದೊಯ್ಯುವನು. ಮೂಸಿ ನೋಡಿದವರು, “ಏನಪ್ಪ, ವಾಸನೇನೇ ಇಲ್ವಲ್ಲ?” ಎಂದು ಕೇಳಿಯೇ ಕೇಳುವರು. “ಮಗೂಗೆ ಮೀಸೆ ಬರುತ್ತಾ ಸಾರ್? ವಯಸ್ಸಾಗ್ಬೇಕು” ಎಂದು ಗಂಗಪ್ಪ ಪ್ರತಿ ಸಲವೂ ಹೊಸದಾಗಿ ನಗುವನು.

ಆ ವರ್ಷ ಕಾರ್ತಿಕ ಮಾಸದಲ್ಲಿ ವನಭೋಜನ ಮಾಡಬೇಕೆಂದು ನಮ್ಮ ಸಾಲಿನ ಹೆಂಗಸರಿಗೆಲ್ಲ ಆಸೆಯಾಯಿತು. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ಪೂಜೆ ಮಾಡಿ ಅಲ್ಲೇ ಊಟ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಾವಲಿನಲ್ಲಿ ನೆಲ್ಲಿಯೇನೋ ಇತ್ತು. ಆದರೆ ಅದರ ಸುತ್ತ ತಂಗಡಿ ಗಿಡ, ಬಂದರೆ ಗಿಡ, ಹೆಸರು ಗೊತ್ತಿಲ್ಲದ ಇನ್ನಷ್ಟು ಮುಳ್ಳುಕಂಟಿ ಬೆಳೆದು ಇಪ್ಪತ್ತು ಎಲೆ ಹಾಕಲು ಜಾಗವೇ ಇರಲಿಲ್ಲ. ಗಂಗಪ್ಪ ಅಕ್ಕನ ಮಗಳ ಮದುವೆಗೆಂದು ಒಂದು ವಾರ ರಜಾ ಹಾಕಿ ಹೋಗಿದ್ದ. ಅವನಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಗೌರಮ್ಮನವರು ದಾವಣಗೆರೆ ಕಡೆಯವರು, ಕೆಲಸಕ್ಕೆ ನಿಂತರೆ ಗಂಡಸರು ಪಕ್ಕಕ್ಕೆ ಸರಿಯಬೇಕು. “ಏನ್ರೀ ಇದು, ದೇವ್ರ ಪೂಜಿ ಮಾಡೋ ಜಾಗ ಹಿಂಗಾ ಇರೋದು? ಕುಡುಗೋಲು ತರ್ರೀ” ಎಂದರು. ಹಿಂದಿನ ದಿನವೇ ಹೋಗಿ ನಾವಿಬ್ಬರೂ ಪೊದೆಗಳನ್ನೆಲ್ಲ ಕಡಿದೆವು. ಕಡಿದರೆ ಮತ್ತೆ ಚಿಗುರುತ್ತದೆಂದು ಬೇರು ಸಮೇತ ಅಗೆದು ಹಾಕಿದೆವು. ಗುಡಿಸಿ ನೀರು ಚಿಮುಕಿಸಿ ಸಗಣಿ ಸಾರಿಸಿದೆವು. ಎಲ್ಲ ಕಿತ್ತ ಮೇಲೆ ನೆಲ್ಲಿಯ ಪಕ್ಕದಲ್ಲಿ ಉಳಿದದ್ದು ಆ ಎಳೆಯ ಗಂಧವೊಂದೇ. ಪಾಪ, ಇಷ್ಟು ದಿನ ಕಸದೊಳಗೆ ಉಸಿರು ಕಟ್ಟಿ ನಿಂತಿತ್ತಲ್ಲ ಎಂದು ನನಗೆ ಕರುಳು ಚುರ್ ಎಂದಿತು. ತುಳಸಿಗೆ ಮಾಡುವಂತೆ ಅದರ ಸುತ್ತ ಮಣ್ಣಿನ ಪುಟ್ಟ ಕಟ್ಟೆ ಕಟ್ಟಿ, ಅರಿಸಿನ ಕುಂಕುಮ ಇಟ್ಟು, ಎಂಟು ದಳದ ಪದ್ಮ ಬರೆದೆ. ಮರುದಿನ ಬಂದವರೆಲ್ಲ, “ಎಷ್ಟು ಲಕ್ಷಣವಾಗಿದೆ ರೀ!” ಎಂದು ಹೊಗಳಿದ್ದೇ ಹೊಗಳಿದ್ದು. ಆ ದಿನದ ಪುಳಿಯೋಗರೆ ನನಗೆ ಎಂದಿಗಿಂತ ರುಚಿಯಾಗಿ ಕಂಡಿತು. ಹೊಗಳಿಕೆಯನ್ನು ಒಗ್ಗರಣೆಗೆ ಹಾಕಿದರೆ ಯಾವುದು ತಾನೇ ರುಚಿಸದು?

ಆಮೇಲೆ ನೆಂಟರಿಷ್ಟರೆಂದು ಕಾವಲಿನ ಕಡೆ ಹೋಗಲಾಗಲಿಲ್ಲ. ನಾಲ್ಕು ವಾರದ ಮೇಲೆ ಹೋದಾಗ ಗಂಗಪ್ಪ ನಮ್ಮನ್ನು ಕಂಡು ಎದ್ದು ನಿಲ್ಲಲಿಲ್ಲ. ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಗಂಧದ ಎಲೆಗಳು ಹಳದಿಗಟ್ಟಿ, ತುದಿಯ ರೆಂಬೆಗಳು ಬೋಳಾಗುತ್ತಿದ್ದವು.

“ಇದನ್ನ ಯಾರು ಮಾಡಿದ್ದು ಅಮ್ಮಾವ್ರೇ?” ಎಂದ.

ನಾನು ಹೆಮ್ಮೆಯಿಂದ ಹೇಳಬೇಕೆಂದು ಒಂದು ತಿಂಗಳಿನಿಂದ ಕಾದಿಟ್ಟಿದ್ದ ಮಾತು ಅದು. ಈಗ “ನಾವೇ” ಎಂದಷ್ಟೇ ಹೊರಬಂತು.

“ಗಂಧ ಒಂಟಿಯಾಗಿ ಬದುಕೋ ಮರ ಅಲ್ಲ ತಾಯಿ. ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಕುಡಿದು ಬದುಕೋದು. ನೀವು ಕಿತ್ತಿದ್ದು ಕಸ ಅಲ್ಲ. ಅದರ ಅಡುಗೆಮನೆ.”

ನಮ್ಮ ಪುರಾಣಿಕರು ಸಜ್ಜನರನ್ನು ಗಂಧಕ್ಕೆ ಹೋಲಿಸಿ ಹೋಲಿಸಿ ದಣಿದಿದ್ದಾರೆ. ಅವರಲ್ಲಿ ಒಬ್ಬರಾದರೂ ಅದರ ಬುಡ ಅಗೆದು ನೋಡಿದಂತಿಲ್ಲ. ದೇವರ ತಲೆಯ ಮೇಲೇರುವ ಈ ಮಹಾನುಭಾವ ಹುಟ್ಟಿದಾಗಿನಿಂದ ತಂಗಡಿ ಗಿಡದ ಮನೆಯಲ್ಲಿ ಊಟ ಮಾಡಿದವನು! ಆದರೆ ಆಗ ನನಗೆ ಇದೆಲ್ಲ ಹೊಳೆಯಲಿಲ್ಲ. ಗಂಗಪ್ಪನ ಚಿಂತೆಯೇ ಬೇರೆಯಿತ್ತು. ಮಾಘದಲ್ಲಿ ರೇಂಜರ್ ಸಾಹೇಬರು ಮರ ಎಣಿಸಲು ಬರುತ್ತಾರೆ. ಗಂಧದ ಗಿಡ ಒಣಗಿದರೆ ಕಾಯುವವನು ಉತ್ತರ ಹೇಳಬೇಕು. ಬುಡದ ಸುತ್ತ ಅಗೆದ ಗುರುತು ಬೇರೆ ಇದೆ. ಕಳ್ಳರ ಜೊತೆ ಸೇರಿದ್ದಾನೆಂದರೂ ಅನ್ನಬಹುದು. “ಕೆಲಸ ತೆಗೀದಿದ್ರೂ ಬೇರೆ ಎಲ್ಲಿಗಾದ್ರೂ ಹಾಕ್ತಾರೆ. ಇಪ್ಪತ್ತು ವರ್ಷ ಇವುಗಳ ಮಧ್ಯೆ ಇದ್ದೋನು, ಎಲ್ಲಿಗೆ ಹೋಗ್ಲಿ?” ಎಂದ. ನಾವು ಮಾಡಿದ್ದೆಂದು ಹೇಳಿಬಿಡು ಎಂದೆ. “ಹೆಂಗಸರ ಹೆಸರು ಹೇಳಿ ಬದುಕ್ಲಾ?” ಎಂದು ತಲೆಯಾಡಿಸಿದ.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟರು. “ಗಂಧದ ಮರ ನಮ್ಮ ಹಿತ್ತಲಲ್ಲಿ ಹುಟ್ಟಿದ್ರೂ ಸರ್ಕಾರದ್ದು ಕಣೇ! ಜನ ಸಸಿ ಕಂಡ ಕೂಡಲೇ ಹೆದರಿ ಕಿತ್ತು ಬಿಸಾಕ್ತಾರೆ. ನೀನು ಹೋಗಿ ಅದಕ್ಕೆ ಕುಂಕುಮ ಇಟ್ಟು ಬಂದಿದೀಯಲ್ಲ!” ಎಂದರು.

ಉಪಾಯ ಹೇಳಿದವನು ಗಂಗಪ್ಪನೇ. ತೊಗರಿ ಹೊಲದ ಬದುವಿನಲ್ಲಿ ಗಂಧ ಚೆನ್ನಾಗಿ ಬರುತ್ತದೆ ಎಂದು ಅವನ ತಂದೆ ಹೇಳುತ್ತಿದ್ದರಂತೆ. ಬೇಳೆ ಒಡೆಸಲು ಇಟ್ಟಿದ್ದ ಇಡೀ ತೊಗರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಕಟ್ಟೆ ಒಡೆದು, ನನ್ನ ಪದ್ಮವನ್ನು ನಾನೇ ಕೆದಕಿ, ಸುತ್ತಲೂ ಕಾಳು ಊರಿದೆವು. ವಾರವಿಡೀ ಗಂಗಪ್ಪ ಕುಂಟೆಯಿಂದ ನೀರು ಹೊರುವನು, ಭಾನುವಾರ ನಾವು. ತೊಗರಿ ಎದ್ದಿತು, ಮೊಣಕಾಲುದ್ದ ಬೆಳೆಯಿತು. ಗಂಧ ಮಾತ್ರ ಯಾವ ತೀರ್ಮಾನಕ್ಕೂ ಬರದೆ ಹಾಗೇ ನಿಂತಿತ್ತು.

ಸಾಹೇಬರು ಬರುವ ದಿನ ನಾನೂ ಗೌರಮ್ಮನವರೂ ಬೆಳಗಿನ ಬಸ್ಸಿಗೇ ಹೋದೆವು. ಸಾಹೇಬರು ಸೈಕಲ್ಲಿನಿಂದ ಇಳಿದು, ಪುಸ್ತಕ ತೆಗೆದು, ದೊಡ್ಡವನು, ಗೂನ, ಅಕ್ಕತಂಗಿ ಎಲ್ಲ ಮುಗಿಸಿ ನೆಲ್ಲಿಯ ಬಳಿ ಬಂದರು. ಬಂದವರೇ ಗುಡುಗಿದರು.

“ಏನೋ ಗಂಗಪ್ಪ! ಸರ್ಕಾರಿ ಜಾಗದಲ್ಲಿ ತೊಗರಿ ಬೇಸಾಯ ಶುರು ಮಾಡಿದೀಯಾ?”

ಗಿಡ ಒಣಗಿಸಿದ ಆಪಾದನೆಗೆ ನಾವು ಸಿದ್ಧರಾಗಿದ್ದೆವು, ಬೆಳೆ ಬೆಳೆದ ಆಪಾದನೆಗಲ್ಲ. ಗಂಗಪ್ಪ ಕೈಕಟ್ಟಿ ತಲೆ ತಗ್ಗಿಸಿದ. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. “ತೊಗರಿ ನಮ್ಮನೇದು ಸಾರ್. ಗುಡಿಸಿದ್ದೂ ನಾನೇ, ಅಗೆದಿದ್ದೂ ನಾನೇ. ಇವನು ಆಗ ಊರಲ್ಲೇ ಇರ್ಲಿಲ್ಲ.”

“ನಾನೂ ಅದೀನ್ರೀ” ಎಂದು ಗೌರಮ್ಮನವರು ಪಕ್ಕಕ್ಕೆ ಬಂದು ನಿಂತರು. “ಕುಡುಗೋಲು ನಂದು.”

ಸಾಹೇಬರು ನಮ್ಮಿಬ್ಬರನ್ನೂ ಒಂದು ಸಲ, ಗಿಡವನ್ನು ಒಂದು ಸಲ ನೋಡಿದರು. ಆಮೇಲೆ ಮಂಡಿಯೂರಿ ಒಂದು ತೊಗರಿಯ ಬುಡ ಕೆದಕಿದರು. ಅದರ ಬೇರಿಗೆ ಗಂಧದ ದಾರದಂಥ ಒಂದು ಬೇರು ಅಂಗಿಯ ಸಣ್ಣ ಗುಂಡಿಯ ಹಾಗೆ ಕಚ್ಚಿಕೊಂಡಿತ್ತು. ಬಾಗಿದವರು ಕೊಂಬೆಯ ಗಿಣ್ಣನ್ನೂ ನೋಡಿದರು. ಅಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ನಾವು ವಾರ ವಾರವೂ ತೊಗರಿಯನ್ನೇ ನೋಡುತ್ತಾ ಅದನ್ನು ಕಂಡೇ ಇರಲಿಲ್ಲ.

“ನರ್ಸರಿಯಲ್ಲಿ ನಾವು ಮಾಡೋದೂ ಇದನ್ನೇ” ಎಂದರು ಸಾಹೇಬರು, ಮಣ್ಣು ಕೊಡವಿಕೊಳ್ಳುತ್ತಾ. “ಯಾರು ಹೇಳಿಕೊಟ್ಟದ್ದು?”

ನಾವಿಬ್ಬರೂ ಒಟ್ಟಿಗೆ ಗಂಗಪ್ಪನನ್ನು ತೋರಿಸಿದೆವು. ಅವರು ಪುಸ್ತಕದಲ್ಲಿ ಆ ಮರದ ನಂಬರಿನ ಮುಂದೆ ‘ಇದೆ’ ಎಂದು ಬರೆದುಕೊಂಡು ಸೈಕಲ್ ಹತ್ತಿದರು.

ಈಗ ಆ ಕಡೆಯೂ ಸೈಟುಗಳಾಗುತ್ತಿವೆ ಎಂದು ಕೇಳಿದ್ದೇನೆ. ನೋಡಲು ಮನಸ್ಸು ಬರುವುದಿಲ್ಲ. ನೆನಪಿಗೆ ಬರುವುದು ಸಾಹೇಬರ ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ಗಂಗಪ್ಪ ಆಡಿದ ಮಾತು. “ಅಮ್ಮಾವ್ರೇ, ಬರೋದು ನಿಲ್ಲಿಸ್ಬೇಡಿ. ಬನ್ನಿ, ಬುತ್ತಿ ಬಿಚ್ಚಿ ಉಣ್ಣಿ, ನನಗೂ ಒಂದು ತುತ್ತು ಕೊಡಿ. ಆದ್ರೆ ಕೈ ಮಾತ್ರ ಮಡಿಲಲ್ಲಿ ಇಟ್ಕೊಂಡಿರಿ.”

ಮದುವೆಯಾದಂದಿನಿಂದ ಅಂಥ ಕೆಲಸವನ್ನು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಭಾನುವಾರ ನೆಲ್ಲಿಯ ಕೆಳಗೆ ಜಮಖಾನ ಹಾಸಿ ಕೂತೆ. ಒಂದು ಒಣಗಿದೆಲೆ ಬಿತ್ತು. ಕೈ ಎದ್ದಿತು, ಕೂರಿಸಿದೆ. ಇನ್ನೊಂದು ಬಿತ್ತು. ಎದುರಿಗೆ ಆ ಗಿಡ ನನ್ನ ಸಹಾಯವೇನೂ ಇಲ್ಲದೆ ತನ್ನ ಪಾಡಿಗೆ ಚಿಗುರುತ್ತಿತ್ತು. ಮೊದಲು ಸ್ವಲ್ಪ ಅವಮಾನವೆನಿಸಿತು. ಆಮೇಲೆ, ಊಟದ ಹೊತ್ತಿಗೆ, ಹಾಯೆನಿಸತೊಡಗಿತು.