ಐದನೆಯ ಬೇಡಿಕೆ

ಡಿಸೆಂಬರ್ ತಿಂಗಳ ಎರಡನೆಯ ಸೋಮವಾರ, ಬೆಳಗಿನ ಐದೂವರೆ. ಮನೆಯ ಪ್ರಾರ್ಥನೆಗೆ ಹಾಜರಿದ್ದವರು ನಾನು ಮತ್ತು ನನ್ನ ನಾದಿನಿ, ಇಬ್ಬರೇ.

ಮೂವತ್ತೈದು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಡ್ಯೂಟಿ ಬದಲಾಗುವ ಮುನ್ನ ವಾರ್ಡಿನ ಬಾಗಿಲಲ್ಲಿ ನಿಂತು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಮುಗಿಸುತ್ತಿದ್ದೆವು. ಈ ಸಲ ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಲ್ಲಿ ಅದನ್ನು ನಿಧಾನವಾಗಿ ಹೇಳಿ, ಒಂದೊಂದು ಬೇಡಿಕೆಗೂ ನಿಲ್ಲಿ ಎಂದು ಜಮಖಂಡಿಯಿಂದ ಬರುವ ಪಾಸ್ಟರು ಹೇಳಿದ್ದರು. ಒಂದು ಬೇಡಿಕೆಗೆ ಹತ್ತು ಉಸಿರು ಎಂದು ಗೊತ್ತುಮಾಡಿಕೊಂಡೆ. ದೇವರ ನಾಮ, ಅವನ ರಾಜ್ಯ, ಅವನ ಚಿತ್ತ, ನಮ್ಮ ದಿನದ ಆಹಾರ, ನಾಲ್ಕೂ ಸರಿಯಾಗಿ ಆದವು. ಐದನೆಯದು, ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬುದು. ಮೂರನೆಯ ಉಸಿರಿಗೇ ಹೊಲದ ನೆರೆಯವನ ಮುಖ ಬಂದು ನಿಂತಿತು.

ಹಿಪ್ಪರಗಿ ಕಡೆ ನಮ್ಮ ಹೊಲ ಎರಡು ತುಂಡು. ಒಂದು ರಸ್ತೆಗೆ, ಇನ್ನೊಂದು ಕೃಷ್ಣೆಯ ದಂಡೆಗೆ. ನಡುವೆ ಅವನ ಕಬ್ಬು. ಮೂರು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ, ಮನೆತನದ ಗೋರಿಗಳಿರುವ ಹೊಳೆದಂಡೆಯ ತುಂಡಿಗೆ ಅವನ ಬದುವಿನ ಮೇಲೆ ಹೋಗಲು ಕೇಳಿದೆವು.

"ಇವತ್ತ ಹೆಣಾ ಹೋತಂದ್ರ ನಾಳಿ ಇದ ದಾರಿ ಅಂತೀರಿ ಬಾಯಾರ," ಎಂದು ಅಡ್ಡ ನಿಂತ.

ಮೊಣಕಾಲ ತನಕ ರಾಡಿಯಿದ್ದ ಕಾಲುವೆ ಏರಿಯ ಮೇಲೆ ಸುತ್ತುಹಾಕಿ ಒಯ್ದೆವು. ಹೊತ್ತವರು ಎರಡು ಕಡೆ ಪೆಟ್ಟಿಗೆಯನ್ನು ಕೆಸರಿಗೆ ಇಳಿಸಿದರು.

ಅವನ ಕಬ್ಬು ಹೊರಹೋಗುವುದೂ ಅದೇ ಏರಿಯ ಮೇಲೆ; ಈ ವರ್ಷ ಅದು ಬಸಿನೀರಿಗೆ ಮೆತ್ತಗಾಗಿ ಟ್ರ್ಯಾಕ್ಟರ್ ತಾಳಲಿಲ್ಲ. ಅವನ ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳತೊಡಗಿತು. ಹೊರಬರಲು ಉಳಿದದ್ದು, ಕಟಾವು ಮುಗಿದು ಖಾಲಿ ಬಿದ್ದಿದ್ದ ರಸ್ತೆಬದಿಯ ನಮ್ಮ ತುಂಡು ಮಾತ್ರ. ಮೊನ್ನೆ ಶನಿವಾರ ದಾರಿ ಕೇಳಲು ಬಂದ. ಅವನ ಮಾತನ್ನೇ ಅವನಿಗೆ ಕೊಟ್ಟೆ: "ಇವತ್ತ ಟ್ರೇಲರ್ ಹೋತಂದ್ರ ನಾಳಿ ಇದ ದಾರಿ ಅಂತೀರಿ ಸಾವಕಾರ್ರ." ಅಂದು ಬಹಳ ದಿನಗಳ ಮೇಲೆ ನನಗೆ ಊಟ ರುಚಿಸಿತು.

"ವೈನಿ, ಮುಂದ ಹೋಗ್ರಿ. ಚಾ ಆರಾಕತ್ತೈತಿ," ಎಂದಳು ನಾದಿನಿ, ನಾನು ಐದನೆಯದರಲ್ಲೇ ನಿಂತದ್ದು ನೋಡಿ.

"ಹೋಗಾಕ ಬರವಲ್ದು."

"ಬರದಿದ್ರ ಅದೊಂದ ಮಾತು ಬಿಡ್ರಿ. ದೇವರೇನ ನಿಮ್ಮ ದವಾಖಾನಿ ಮೇಟ್ರನ್ ಏನ, ಎಣಿಸಿ ನೋಡಾಕ?"

ಬಿಡಲಾರೆ. ರೋಗಿಗೆ ಕೊಡಬೇಕಾದ ಒಂದು ಗುಳಿಗೆಯನ್ನೂ ನಾನು ಬಿಟ್ಟವಳಲ್ಲ. ಅಷ್ಟು ವರ್ಷ ಓಡಿಸಿ ಹೇಳಿದ್ದರಿಂದ ತಿಳಿದಿರಲಿಲ್ಲ, ಅಷ್ಟೆ: ನಾನು ಇನ್ನೊಬ್ಬರಿಗೆ ಮಾಡುವುದನ್ನೇ ನನಗೂ ಮಾಡು ಎಂದು ದಿನಾ ಬೇಡುತ್ತಿದ್ದೆ. ಹಾಗಾದರೆ ದೇವರು ನನ್ನನ್ನೂ ಏರಿಯ ಮೇಲೆಯೇ ಸುತ್ತಿಸಿಯಾನು. ಹೆದರಿಕೆಯಾಯಿತು. ಅವನ ಮೇಲೆ ಕರುಣೆ ಮಾತ್ರ ಬರಲಿಲ್ಲ.

ಎಂಟಕ್ಕೆ ಅವನ ಹೊಲಕ್ಕೆ ಹೋದೆ.

"ದಾರಿ ಬಿಡತೇನಿ. ಮದ್ಲ ನನ್ನ ಜೋಡಿ ಏರಿ ಮ್ಯಾಲ ಗೋರಿ ತನಕ ನಡೀರಿ."

"ಆ ರಾಡ್ಯಾಗ? ನಂದು ಮೊಣಕಾಲ ಬ್ಯಾನಿ ಐತಿ ಬಾಯಾರ."

"ನಾ ನರ್ಸ್ ಅದೇನಿ. ನಡೀರಿ."

ನಡೆದ. ಒಂದು ಚಪ್ಪಲಿ ಕೆಸರಲ್ಲಿ ಹೋಯಿತು, ತೆಗೆಯಲು ನಿಲ್ಲಗೊಡಲಿಲ್ಲ. ಪೆಟ್ಟಿಗೆ ಇಳಿಸಿದ ಎರಡೂ ಜಾಗ ತೋರಿಸಿದೆ. ಐವತ್ತು ನಿಮಿಷ ಹಿಡಿಯಿತು. ಗೋರಿಯ ಮುಂದೆ ಅವನು ಟೋಪಿ ತೆಗೆದು, "ತಪ್ಪಾತ್ರಿ," ಎಂದ.

"ನನಗಲ್ಲ. ಅವರಿಗೆ ಹೇಳ್ರಿ."

ಗೋರಿಯ ಕಡೆ ತಿರುಗಿ ಹೇಳಿದ. ನನಗೆ ಅದು ಸಾಕಾಗಲಿಲ್ಲ. ಆದರೆ ಮಾತು ಕೊಟ್ಟಿದ್ದೆ.

ರಸ್ತೆಬದಿಯ ನಮ್ಮ ತುಂಡಿನ ಬೇಲಿಯ ಮುಳ್ಳನ್ನು ಪಕ್ಕಕ್ಕೆ ಎಳೆಸಿದೆ. ಸಂಜೆಯೊಳಗೆ ನಾಲ್ಕು ಟ್ರೇಲರ್ ನಮ್ಮ ಹೊಲ ದಾಟಿದವು. ಕೊನೆಯದು ರಸ್ತೆ ಹತ್ತಿದ ಮೇಲೆ ಅಲ್ಲೇ ನಿಂತು ಮೊದಲಿನಿಂದ ಪ್ರಾರ್ಥಿಸಿದೆ. ಐದನೆಯದಕ್ಕೆ ಹತ್ತು ಉಸಿರು ಪೂರ್ತಿ ನಿಂತೆ. ಕ್ಷಮಿಸಿದ್ದೇನೆ ಎಂದು ಸುಳ್ಳು ಹೇಳಲಿಲ್ಲ. ಇವತ್ತು ನಾಲ್ಕು ಟ್ರೇಲರ್‌ನಷ್ಟು ಬಿಟ್ಟಿದ್ದೇನೆ, ನನಗೂ ಇವತ್ತಿಗೆ ಅಷ್ಟೇ ಕೊಡು ಎಂದೆ. ಉಳಿದದ್ದನ್ನು ಮುಗಿಸಿ ಆಮೆನ್ ಹೇಳಿದೆ. ಆರಕ್ಕೆ ಹತ್ತು ನಿಮಿಷವಿದ್ದಾಗ, ಎಳೆಸಿದ್ದ ಮುಳ್ಳನ್ನು ನಾನೇ ಮತ್ತೆ ಬೇಲಿಗೆ ಹಚ್ಚಿದೆ.